ಮಲೆನಾಡಿನ ತೋಟದ ಮನೆಯಲ್ಲಿ ಕುದುರೆ: ಒಣ ನೆಲದಿಂದ ಮೊದಲ ಸವಾರಿಯವರೆಗೆ

ಕುದುರೆ ಸಾಕಬೇಕೆಂದು ನಮ್ಮ ಮನೆಗೆ ಹುಡುಕಿಕೊಂಡು ಬರುವವರು ಮೊದಲು ಕೇಳುವುದು ಸವಾರಿಯ ವಿಷಯ. ಎಷ್ಟು ದಿನದಲ್ಲಿ ಕಲಿಯುತ್ತದೆ, ಯಾವ ವಯಸ್ಸಿಗೆ ಜೀನು ಹಾಕಬಹುದು, ಮಕ್ಕಳನ್ನು ಕೂರಿಸಬಹುದೇ ಎಂದು. ಅವರಿಗೆ ಚಹಾ ಕೊಟ್ಟು ನಾನು ಕೇಳುವುದು ಒಂದೇ ಪ್ರಶ್ನೆ: ಆಷಾಢದ ಮಳೆಯಲ್ಲಿ ನಿಮ್ಮ ಕೊಟ್ಟಿಗೆಯ ನೆಲ ಒಣಗಿರುತ್ತದೆಯೇ? ಇಲ್ಲ ಎಂದಾದರೆ ಸವಾರಿಯ ಮಾತನ್ನು ಇನ್ನೊಂದು ವರ್ಷಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು.

ನಮ್ಮದು ಶಿರಸಿಯಿಂದ ಸೋಂದೆಯ ಕಡೆಗೆ ಹೋಗುವ ದಾರಿಯಲ್ಲಿರುವ ಸಣ್ಣ ಹಿಡುವಳಿ. ಎರಡೂವರೆ ಎಕರೆ ಅಡಿಕೆ ತೋಟ, ತೋಟಕ್ಕೆ ಸೊಪ್ಪು, ದರಕು ತರುವ ಸೊಪ್ಪಿನ ಬೆಟ್ಟ, ಮನೆಯ ಹಿಂದೊಂದು ಬೇಣ, ಅಂದರೆ ಹುಲ್ಲುಗಾವಲು. ತೋಟಕ್ಕೆ ರಾಸಾಯನಿಕ ಗೊಬ್ಬರ ಹಾಕುವುದಿಲ್ಲ. ಕೊಟ್ಟಿಗೆಯಲ್ಲಿ ನಾಲ್ಕು ಮಲೆನಾಡು ಗಿಡ್ಡ ಹಸುಗಳು, ಪಕ್ಕದ ಲಾಯದಲ್ಲಿ ಎರಡು ಕುದುರೆಗಳು: ವಯಸ್ಸಾದ ಹೆಣ್ಣುಕುದುರೆ ಕಸ್ತೂರಿ, ಬೀಜ ತೆಗೆಸಿದ ಗಂಡು ಬೊಮ್ಮ. ಇವುಗಳ ಕೆಲಸವನ್ನೆಲ್ಲ ಮನೆಯವರೇ ಹಂಚಿಕೊಂಡು ಮಾಡುತ್ತೇವೆ. ಇಲ್ಲಿ ಬರೆದಿರುವುದೆಲ್ಲ ಆ ಕೆಲಸದಿಂದ ಬಂದದ್ದು.

ನಮ್ಮ ಸೀಮೆಗೆ ಕುದುರೆ ಹೊಸದಲ್ಲ. ವಿಜಯನಗರದ ಕಾಲದಲ್ಲಿ ಅರಬ್ ನಾಡಿನ ಕುದುರೆಗಳು ಹಡಗಿನಿಂದ ಇಳಿಯುತ್ತಿದ್ದ ಬಂದರುಗಳಲ್ಲಿ ಭಟ್ಕಳ, ಹೊನ್ನಾವರಗಳು ಮುಖ್ಯವಾದವು. ಇಳಿದ ಕುದುರೆಗಳು ಘಟ್ಟ ಹತ್ತಿ ಬಯಲುಸೀಮೆಗೆ ಹೋಗಿಬಿಡುತ್ತಿದ್ದವು. ನಮ್ಮ ಮಳೆಯಲ್ಲಿ ಉಳಿದು ಬಾಳುವ ಪ್ರಾಣಿ ಅದಲ್ಲ. ಅದನ್ನು ಇಲ್ಲಿ ಉಳಿಸಿಕೊಳ್ಳಬೇಕಾದರೆ ನಾವೇ ಅದಕ್ಕೊಂದು ಬಯಲುಸೀಮೆಯ ತುಣುಕನ್ನು ಮಾಡಿಕೊಡಬೇಕು.

ಕುದುರೆ ಬರುವ ಮೊದಲು

ಲಾಯವನ್ನು ಬೇಸಿಗೆಯಲ್ಲೇ ಮುಗಿಸಿಕೊಳ್ಳಿ. ಸುತ್ತಲಿನ ಅಂಗಳಕ್ಕಿಂತ ನೆಲ ಕನಿಷ್ಠ ಒಂದೂವರೆ ಅಡಿ ಎತ್ತರದಲ್ಲಿರಬೇಕು. ನಾವು ಚಿರೆಕಲ್ಲಿನ ಅಡಿಪಾಯ ಕಟ್ಟಿ, ಒಳಗೆ ಜಲ್ಲಿ ತುಂಬಿ, ಅದರ ಮೇಲೆ ಗಟ್ಟಿ ಮಣ್ಣು ಬಡಿದು, ಹಿಂಬದಿಗೆ ತುಸು ಇಳಿಜಾರು ಕೊಟ್ಟಿದ್ದೇವೆ. ಒಂದು ಕುದುರೆಗೆ 12 ಅಡಿ ಉದ್ದ, 12 ಅಡಿ ಅಗಲದ ಜಾಗ ಬೇಕು. ಅದು ನಿಂತೇ ನಿದ್ದೆ ಮಾಡುತ್ತದೆ ಎನ್ನುವುದು ಅರ್ಧ ಸತ್ಯ. ಗಾಢ ನಿದ್ದೆಗೆ ದಿನದಲ್ಲಿ ಸ್ವಲ್ಪ ಹೊತ್ತಾದರೂ ಮಲಗಲೇಬೇಕು. ಕೆಸರಿನ ನೆಲದಲ್ಲಿ ಮಲಗಲು ಹೆದರಿ ದಿನಗಟ್ಟಲೆ ನಿದ್ದೆಗೆಟ್ಟ ಕುದುರೆ ಪಾಠ ಕಲಿಯುವುದಿಲ್ಲ, ಕಚ್ಚುವುದನ್ನು ಕಲಿಯುತ್ತದೆ. ಮಾಡು ಎತ್ತರವಾಗಿರಲಿ, ಗಾಳಿ ಆಡಲಿ. ಮಳೆ ಬಡಿಯುವ ಪಡುವಣ ದಿಕ್ಕಿಗೆ ಮಾತ್ರ ಅಡಿಕೆ ಸೋಗೆಯ (ಒಣಗರಿಯ) ತಟ್ಟಿ ಕಟ್ಟಿದರೆ ಸಾಕು.

ಬೇಲಿಗೆ ಮುಳ್ಳುತಂತಿ ಖಂಡಿತ ಬೇಡ. ಹೆದರಿದ ಕುದುರೆ ಮೊದಲು ಓಡುತ್ತದೆ, ಆಮೇಲೆ ನೋಡುತ್ತದೆ. ಅಡಿಕೆಮರ ಸೀಳಿ ಮಾಡಿದ ದಬ್ಬೆಯೂ ಅಂಚಿನಲ್ಲಿ ಕತ್ತಿಯಂತೆ ಕೊಯ್ಯುತ್ತದೆ. ನಾಲ್ಕೂವರೆ ಅಡಿ ಎತ್ತರಕ್ಕೆ ಮೂರು ಸಾಲು ಗಟ್ಟಿ ಬಿದಿರು ಅಥವಾ ಮರದ ಗಳ ಹಾಕಿ. ಗಳಗಳು ಕಂಬದ ಒಳಬದಿಯಲ್ಲಿರಲಿ, ಆಗ ಕುದುರೆ ಮೈಯೊತ್ತಿದರೂ ಕಳಚುವುದಿಲ್ಲ. ಗಳ ಸರಿಸಿ ದಾಟುವ ಬೇಲಿಬಾಗಿಲು, ಅಂದರೆ ದಣಪೆ, ನಮ್ಮ ಊರಿನ ಕ್ರಮದಂತೆಯೇ ಇರಲಿ, ಆದರೆ ಗಳಗಳಿಗೆ ಕೊಕ್ಕೆ ಹಾಕಿ. ತುಟಿಯಿಂದ ಗಳ ಸರಿಸುವುದನ್ನು ಬೊಮ್ಮ ಒಂದೇ ವಾರದಲ್ಲಿ ಕಲಿತುಬಿಟ್ಟಿದ್ದ.

ಬೇಲಿಯೊಳಗೆ ಮತ್ತು ಬೇಲಿಯ ಪಕ್ಕದಲ್ಲಿ ಏನು ಬೆಳೆದಿದೆ ಎಂದು ಒಂದು ದಿನ ಪೂರ್ತಿ ನೋಡಿ. ಕಣಗಿಲೆಯ ಕೆಲವೇ ಎಲೆಗಳು ಕುದುರೆಯನ್ನು ಕೊಲ್ಲುತ್ತವೆ, ಒಣಗಿದ ಎಲೆಗಳಲ್ಲೂ ವಿಷ ಉಳಿದಿರುತ್ತದೆ. ದೇವರ ಹೂವಿಗೆಂದು ಅಂಗಳದ ಅಂಚಿಗೆ ನೆಟ್ಟ ಕಣಗಿಲೆ ಇದ್ದರೆ ಬೇರುಸಹಿತ ತೆಗೆಯಿರಿ. ಕಾಸರಕ, ಹರಳಿನ ಬೀಜ, ಲಂಟಾನ ಇವೂ ಇರಬಾರದು. ಗೊಬ್ಬರಕ್ಕೆಂದು ಬೇಲಿಗುಂಟ ನೆಡುವ ಗ್ಲಿರಿಸಿಡಿಯಾ ದನಗಳಿಗೆ ಮೇವಾದರೂ ಕುದುರೆಗೆ ವಿಷ. ಸುಬಾಬುಲ್ ಸೊಪ್ಪು ತಿಂದ ಕುದುರೆಯ ಜೂಲು, ಬಾಲದ ಕೂದಲು ಉದುರುತ್ತವೆ.

ಒಂದೇ ಕುದುರೆಯನ್ನು ತರಬೇಡಿ. ಅದು ಹಿಂಡಿನ ಪ್ರಾಣಿ. ಎರಡಕ್ಕೆ ಶಕ್ತಿ ಸಾಲದಿದ್ದರೆ ಕನಿಷ್ಠ ಹಸು ಅಥವಾ ಆಡು ಸದಾ ಕಣ್ಣಿಗೆ ಬೀಳುವಂತಿರಲಿ. ಹಸುಗಳ ಜೊತೆ ಮೇಯಿಸುವುದರಿಂದ ಇನ್ನೊಂದು ಲಾಭವಿದೆ. ಕುದುರೆಯ ಹೊಟ್ಟೆಹುಳುಗಳಲ್ಲಿ ಬಹುಪಾಲು ಹಸುವಿನ ಹೊಟ್ಟೆಯಲ್ಲಿ ಬದುಕುವುದಿಲ್ಲ. ಹಾಗಾಗಿ ಹಸುಗಳು ಮೇಯ್ದ ಬೇಣದಲ್ಲಿ ಹುಳುಗಳ ಕಾಟ ಕಡಿಮೆಯಾಗುತ್ತದೆ.

ಯಾವುದನ್ನು ತರಬೇಕು

ನಮ್ಮಂಥವರಿಗೆ 13ರಿಂದ 14 ಕೈ ಎತ್ತರದ, ಎಂಟು–ಹತ್ತು ವರ್ಷದ, ಜನರ ನಡುವೆ ಬೆಳೆದ, ಶಾಂತ ಕುದುರೆ ಸಾಕು. ಒಂದು ಕೈ ಎಂದರೆ ನಾಲ್ಕು ಅಂಗುಲ. ಕಿವಿಯ ತುದಿಗಳು ಒಳಕ್ಕೆ ಬಾಗಿ ಒಂದನ್ನೊಂದು ಮುಟ್ಟುವಂತಿರುವ ಮಾರ್ವಾಡಿ, ಕಾಠಿಯಾವಾಡಿ ತಳಿಗಳು ನೋಡಲು ಚಂದ, ಆದರೆ ಅವು ಒಣಸೀಮೆಯವು. ತಳಿಗಿಂತ ಕಾಲು ಮುಖ್ಯ. ಗಟ್ಟಿ ನೆಲದ ಮೇಲೆ ಓಡಿಸಿ ನೋಡಿ, ಹೆಜ್ಜೆಯ ಸದ್ದು ಗಡಿಯಾರದಂತೆ ಸಮನಾಗಿ ಕೇಳಬೇಕು. ಮರಿಕುದುರೆಯನ್ನು ಮಕ್ಕಳ ಜೊತೆ ಬೆಳೆಸುತ್ತೇವೆ ಎಂಬ ಆಸೆ ಸಹಜವೇ. ಆದರೆ ಕಲಿಯದ ಕುದುರೆ ಮತ್ತು ಕಲಿಯದ ಮನುಷ್ಯರು ಒಂದೇ ಬೇಲಿಯೊಳಗೆ ಇರಬಾರದು.

ಹಣ ಕೊಡುವ ಮೊದಲು ಗ್ಲಾಂಡರ್ಸ್ ರೋಗದ ರಕ್ತಪರೀಕ್ಷೆಯ ವರದಿ ಕೇಳಿ. ಇದು ಮನುಷ್ಯರಿಗೂ ಅಂಟುವ ರೋಗ. ಕುದುರೆಯಲ್ಲಿ ಖಚಿತಪಟ್ಟರೆ ಚಿಕಿತ್ಸೆ ಇಲ್ಲ, 2009ರ ಪ್ರಾಣಿ ಸಾಂಕ್ರಾಮಿಕ ರೋಗ ತಡೆ ಕಾಯ್ದೆಯಡಿ ದಯಾಮರಣವೇ ದಾರಿ. ಮದುವೆ ಮೆರವಣಿಗೆಗಳಲ್ಲಿ ಊರೂರು ತಿರುಗಿದ ಕುದುರೆಯಾದರೆ ಈ ವರದಿ ಇಲ್ಲದೆ ಮನೆಗೆ ಸೇರಿಸಲೇಬೇಡಿ. ಧನುರ್ವಾಯು ಕುದುರೆಗೆ ಬಹಳ ಸುಲಭವಾಗಿ ಬರುತ್ತದೆ. ಅದಕ್ಕೂ ಹುಚ್ಚುನಾಯಿ ರೋಗಕ್ಕೂ ಲಸಿಕೆ ಹಾಕಿಸಿ. ಕುದುರೆಯ ಜೊತೆ ಕೆಲಸ ಮಾಡುವ ಮನೆಯವರೂ ಧನುರ್ವಾಯು ಚುಚ್ಚುಮದ್ದು ತೆಗೆದುಕೊಳ್ಳಬೇಕು.

ಹೊಟ್ಟೆಯನ್ನು ಅರಿತುಕೊಳ್ಳಿ

ದನ ಸಾಕಿದವರು ಕುದುರೆಯ ವಿಷಯದಲ್ಲಿ ಎಡವುವುದು ಇಲ್ಲೇ, ನಾವೂ ಎಡವಿದ್ದೇವೆ. ಹಸುವಿಗೆ ನಾಲ್ಕು ಕೋಣೆಯ ಹೊಟ್ಟೆ. ಬೇಗಬೇಗ ತಿಂದು, ಮಲಗಿ ಮೆಲುಕು ಹಾಕುತ್ತದೆ. ಕುದುರೆಯ ಜಠರ ದೇಹಕ್ಕೆ ಹೋಲಿಸಿದರೆ ತೀರಾ ಚಿಕ್ಕದು, ಹಿಡಿಸುವುದು 8ರಿಂದ 15 ಲೀಟರ್ ಮಾತ್ರ. ಅದರಲ್ಲಿ ಆಮ್ಲ ಹಗಲು ರಾತ್ರಿ ಸುರಿಯುತ್ತಲೇ ಇರುತ್ತದೆ, ತಿನ್ನಲಿ ಬಿಡಲಿ. ನಾರು ಕೊಳೆತು ಜೀರ್ಣವಾಗುವುದು ಹಿಂದಿನ ದೊಡ್ಡ ಕರುಳಿನಲ್ಲಿ. ತಿಂದದ್ದನ್ನು ಅದು ವಾಂತಿ ಮಾಡಲಾರದು. ಆದ್ದರಿಂದ ಕುದುರೆಗೆ ಎರಡು ಹೊತ್ತು ಊಟವಲ್ಲ, ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಹುಲ್ಲು ಬೇಕು.

ಎಷ್ಟು ಬೇಕು ಎಂದು ತಿಳಿಯಲು ಮೊದಲು ತೂಕ ಅಂದಾಜು ಮಾಡಿ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ. ಬಂದದ್ದನ್ನು ಭುಜದ ತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 165, ಉದ್ದ 153 ಇದ್ದರೆ ತೂಕ ಸುಮಾರು 350 ಕಿಲೋ. ಇದರ ಶೇಕಡಾ 2ರಷ್ಟು, ಅಂದರೆ 7 ಕಿಲೋ ಒಣಹುಲ್ಲು ದಿನಕ್ಕೆ ಬೇಕು. ಎರಡು ಕುದುರೆಗೆ ಮಳೆಗಾಲದ 120 ದಿನಗಳಿಗೆ ಲೆಕ್ಕ ಹಾಕಿದರೆ ಸುಮಾರು 1,700 ಕಿಲೋ ಆಗುತ್ತದೆ. ನಾವು ಎರಡು ಟನ್ ಕೂಡಿಡುತ್ತೇವೆ.

ಈ ಹುಲ್ಲು ಎಲ್ಲಿಂದ ಬರಬೇಕು? ಬೇಣದ ಕರಡದ ಹುಲ್ಲೇ ನಮ್ಮ ಆಧಾರ. ಮಳೆ ನಿಂತು ಹುಲ್ಲು ತೀರಾ ಬಲಿಯುವ ಮೊದಲೇ, ಇನ್ನೂ ಹಸಿರುಬಣ್ಣ ಇರುವಾಗ ಕೊಯ್ದು, ಎರಡು ಮೂರು ದಿನ ಮಗುಚಿ ಒಣಗಿಸಿ ಅಟ್ಟಕ್ಕೆ ಏರಿಸಬೇಕು. ಅಡಿಕೆ ಕೊಯ್ಲಿನ ಗಡಿಬಿಡಿ ಶುರುವಾಗುವ ಹೊತ್ತಿಗೇ ಈ ಕೆಲಸವೂ ಬರುತ್ತದೆ. ಆಳು ಸಿಗುವುದಿಲ್ಲ, ಮನೆಯವರೆಲ್ಲ ಇಳಿಯಬೇಕು. ಭತ್ತದ ಹುಲ್ಲನ್ನು ಮಾತ್ರವೇ ನಂಬಬೇಡಿ, ಅದರಲ್ಲಿ ಸತ್ವ ಕಡಿಮೆ, ಬರೀ ಅದನ್ನೇ ತಿಂದರೆ ಕರುಳು ಕಟ್ಟಿಕೊಳ್ಳುತ್ತದೆ. ಬೂಷ್ಟು ಹಿಡಿದ ಹುಲ್ಲು ಹಸುವಿನ ಮುಂದೆ ಹಾಕಿದರೂ ತಪ್ಪೇ, ಕುದುರೆಗಂತೂ ಅದು ಪ್ರಾಣಾಪಾಯ.

ನೇಪಿಯರ್ ಹುಲ್ಲಿನ ಬಗ್ಗೆ ಒಂದು ಎಚ್ಚರಿಕೆ. ಅದರಲ್ಲಿರುವ ಆಕ್ಸಲೇಟ್ ಅಂಶ ಸುಣ್ಣದ ಸತ್ವವನ್ನು (ಕ್ಯಾಲ್ಸಿಯಂ) ಕಟ್ಟಿಹಾಕುತ್ತದೆ. ತಿಂಗಳುಗಟ್ಟಲೆ ಅದೊಂದನ್ನೇ ತಿಂದ ಕುದುರೆ ತನ್ನ ಮೂಳೆಯಿಂದಲೇ ಸುಣ್ಣ ತೆಗೆದುಕೊಳ್ಳುತ್ತದೆ. ಮುಖದ ಮೂಳೆ ಊದಿಕೊಳ್ಳುತ್ತದೆ, ಕುಂಟು ಶುರುವಾಗುತ್ತದೆ. ಬೂಸಾ ಹೆಚ್ಚಾದರೂ ಇದೇ ಗತಿ, ಏಕೆಂದರೆ ಅದರಲ್ಲಿ ರಂಜಕ ಹೆಚ್ಚು, ಸುಣ್ಣ ಕಡಿಮೆ. ಹಸಿಹುಲ್ಲನ್ನು ಬೆರಕೆಯಾಗಿ ಕೊಡಿ, ಪಶುವೈದ್ಯರನ್ನು ಕೇಳಿ ಖನಿಜ ಮಿಶ್ರಣ ಸೇರಿಸಿ, ದಿನಕ್ಕೆ ಒಂದು ಹಿಡಿ ಉಪ್ಪು ಇಡಿ. ನೀರು 25ರಿಂದ 40 ಲೀಟರ್ ಬೇಕು. ಕೆಲವು ಕೋಳಿ ಮತ್ತು ದನದ ಸಿದ್ಧ ಆಹಾರಗಳಲ್ಲಿ ಸೇರಿಸುವ ಮೊನೆನ್ಸಿನ್ ಎಂಬ ಔಷಧಿ ಅತಿ ಸ್ವಲ್ಪವಾದರೂ ಕುದುರೆಯ ಹೃದಯವನ್ನು ಕೆಡಿಸುತ್ತದೆ. ಆ ಚೀಲಗಳನ್ನು ಬೇರೆ ಕೋಣೆಯಲ್ಲಿ ಇಡಿ.

ಸೋಂದೆಯ ವಾದಿರಾಜರು ತಲೆಯ ಮೇಲೆ ಹರಿವಾಣ ಹಿಡಿದು ಕುದುರೆಮುಖದ ದೇವರು ಹಯಗ್ರೀವನಿಗೆ ಕಡಲೆ, ಬೆಲ್ಲದ ಮಡ್ಡಿ ಉಣಿಸಿದ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆ ಭಕ್ತಿಯಿಂದಲೇ ಬಂದವರು ಕುದುರೆಯ ಬಾಯಿಗೂ ಸಿಹಿ ಹಿಡಿಯುತ್ತಾರೆ. ನಾವೂ ಮೊದಲ ವರ್ಷ ದೊಡ್ಡಹಬ್ಬದ (ದೀಪಾವಳಿಯ) ಗೋಪೂಜೆಯ ದಿನ ಹಸುಗಳಿಗೆ ಮಾಡಿದ ಕಡುಬನ್ನು ಕಸ್ತೂರಿಗೂ ಕೊಟ್ಟೆವು, ಜೊತೆಗೆ ನೆನೆಸಿದ ಕಡಲೆ. ರಾತ್ರಿ ಅದು ತನ್ನ ಪಕ್ಕೆಯನ್ನೇ ತಿರುಗಿ ತಿರುಗಿ ನೋಡುತ್ತ, ಮುಂಗಾಲಿನಿಂದ ನೆಲ ಕೆರೆಯುತ್ತ, ಬೆವರುತ್ತ ಮಲಗೇಳತೊಡಗಿತು. ಹೊಟ್ಟೆಶೂಲೆ. ಕುದುರೆಗಳು ಸಾಯುವ ಮುಖ್ಯ ಕಾರಣಗಳಲ್ಲಿ ಇದೊಂದು. ವೈದ್ಯರು ಬಂದು ಮೂಗಿನ ಮೂಲಕ ನಳಿಗೆ ಇಳಿಸಿ ಉಳಿಸಿಕೊಟ್ಟರು. ಬೆಳಗಿನ ಜಾವ ಒಂದು ಮುಷ್ಟಿಯಷ್ಟು ಲದ್ದಿ ಬಿದ್ದಾಗ ಅತ್ತೆ ದೇವರ ಮುಂದೆ ದೀಪ ಹಚ್ಚಿದರು.

ಇಂತಹ ಲಕ್ಷಣ ಕಂಡರೆ ಮೇವೆಲ್ಲ ತೆಗೆದಿಡಿ, ತಕ್ಷಣ ವೈದ್ಯರಿಗೆ ಫೋನ್ ಮಾಡಿ. ಹೊರಳಾಡಿ ಪೆಟ್ಟು ಮಾಡಿಕೊಳ್ಳದಂತೆ ಮೆಲ್ಲಗೆ ನಡೆಸಬಹುದು. ಬಾಯಿಗೆ ಎಣ್ಣೆ ಹೊಯ್ಯಬೇಡಿ, ಅದು ಶ್ವಾಸಕೋಶಕ್ಕೆ ಇಳಿಯಬಹುದು. ವೈದ್ಯರು ಕೇಳುವ ಅಂಕಿಗಳನ್ನು ಮೊದಲೇ ಕಲಿತಿರಿ. ಸ್ವಸ್ಥ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16, ಮೈ ಬಿಸಿ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ಮೇವು ಬದಲಿಸುವುದಿದ್ದರೆ ಹತ್ತು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬದಲಿಸಿ. ಕೆಲಸವಿಲ್ಲದ ಕುದುರೆಗೆ ಧಾನ್ಯವೇ ಬೇಡ. ಕೆಲಸವಿದ್ದರೆ ಬೇಯಿಸಿದ ಹುರುಳಿ ಹೊತ್ತಿಗೆ ಅರ್ಧ ಕಿಲೋ ಸಾಕು.

ಗೊರಸಿಗೂ ಕೊಳೆ ಬರುತ್ತದೆ

ಅಡಿಕೆಗೆ ಕೊಳೆರೋಗ ಬರುವ ಮಳೆಯ ತಿಂಗಳುಗಳಲ್ಲೇ ಗೊರಸಿಗೂ ಕೊಳೆ ಬರುತ್ತದೆ. ಗೊರಸಿನ ಅಡಿಯಲ್ಲಿ ರಬ್ಬರಿನಂತಹ ತ್ರಿಕೋನಾಕಾರದ ಭಾಗವೊಂದಿದೆ. ಅದರ ಎರಡೂ ಬದಿಯ ಸಂದಿಗಳಲ್ಲಿ ಕೆಸರು ತುಂಬಿ ಗಾಳಿಯಾಡದೆ ಹೋದರೆ ಕಪ್ಪು ರಸ ಇಳಿದು ದುರ್ನಾತ ಹೊಡೆಯುತ್ತದೆ. ಮೂಗಿಗೆ ಮೊದಲು ಗೊತ್ತಾಗುತ್ತದೆ, ಕುಂಟು ಕಾಣುವುದು ಆಮೇಲೆ. ಮಳೆಗಾಲದಲ್ಲಿ ದಿನಕ್ಕೆ ಎರಡು ಸಲ ಗೊರಸು ಕೆರೆದು, ಒಣ ಬಟ್ಟೆಯಿಂದ ಒರೆಸಿ, ಕನಿಷ್ಠ ಏಳೆಂಟು ಗಂಟೆ ಒಣ ನೆಲದಲ್ಲಿ ನಿಲ್ಲಿಸಬೇಕು. ಔಷಧಿ ಎಷ್ಟು ಹಚ್ಚಿದರೂ ಒಣ ನೆಲಕ್ಕೆ ಸಾಟಿಯಿಲ್ಲ.

ಗೊರಸು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಆರರಿಂದ ಎಂಟು ವಾರಕ್ಕೊಮ್ಮೆ ತಿಳಿದವರಿಂದ ಕತ್ತರಿಸಿ ಅರ ಹಾಕಿಸಿ. ಶಿರಸಿಯಲ್ಲಿ ಲಾಳ ಕಟ್ಟುವವರನ್ನು ಹುಡುಕುವುದು ಕಷ್ಟ. ನಮ್ಮ ಕುದುರೆಗಳು ಮಣ್ಣಿನ ದಾರಿಯಲ್ಲೇ ನಡೆಯುವುದರಿಂದ ನಾವು ಲಾಳ ಹಾಕಿಸುವುದಿಲ್ಲ.

ಮಲಗುವ ಹಾಸಿಗೆಗೆ ಬೆಟ್ಟದ ದರಕು, ಅಂದರೆ ಉದುರಿದ ಒಣ ಎಲೆ, ಎಲ್ಲರಿಗೂ ಥಟ್ಟನೆ ಹೊಳೆಯುತ್ತದೆ. ಕೊಟ್ಟಿಗೆಗೆ ನಾವು ಅಜ್ಜಂದಿರ ಕಾಲದಿಂದ ಅದನ್ನೇ ಹಾಕುತ್ತ ಬಂದವರು. ಆದರೆ ಒಣ ಎಲೆಯ ಜೊತೆ ಉಣುಗಿನ ಮರಿಗಳು ಬರುತ್ತವೆ. ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಈ ಉಣುಗುಗಳಿಂದಲೇ ಹರಡುವುದು, ನಮ್ಮ ಸಿದ್ದಾಪುರದ ಕಡೆ ಅದು ಎಷ್ಟು ಮನೆಗಳನ್ನು ನೋಯಿಸಿದೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಹೀಗಾಗಿ ನಾವು ಲಾಯಕ್ಕೆ ಗಿರಣಿಯ ಭತ್ತದ ಹೊಟ್ಟು ಹಾಕುತ್ತೇವೆ. ಚಳಿಗಾಲದಿಂದ ಮೊದಲ ಮಳೆಯವರೆಗೆ ಬೆಟ್ಟಕ್ಕೆ ಹೋಗಿ ಬಂದ ಕುದುರೆಯ ಕಿವಿಯೊಳಗೆ, ಜೂಲಿನ ಬುಡದಲ್ಲಿ, ಬಾಲದಡಿಯಲ್ಲಿ ಕೈಯಾಡಿಸಿ ಉಣುಗು ತೆಗೆಯುತ್ತೇವೆ, ನಾವೂ ಬಿಸಿನೀರಿನಲ್ಲಿ ಮಿಂದು ಬಟ್ಟೆ ಬದಲಿಸುತ್ತೇವೆ. ಸತ್ತ ಮಂಗ ಕಂಡರೆ ಆ ದಾರಿಯಲ್ಲಿ ಸವಾರಿ ನಿಲ್ಲಿಸಿ ಆರೋಗ್ಯ ಇಲಾಖೆಗೆ ತಿಳಿಸಿ.

ನೆಲದ ಮೇಲಿನ ಪಾಠ

ಈಗ ಕಲಿಸುವ ಮಾತು. ಕುದುರೆ ಎಲ್ಲಿಂದ ಕಲಿಯುತ್ತದೆ ಎಂಬುದನ್ನು ನನಗೆ ತಿಳಿಸಿಕೊಟ್ಟವರು ಕುದುರೆಯ ಬೆನ್ನೇ ಹತ್ತದ ನನ್ನ ಮಾವ. ಅವರು ತಮ್ಮ ಕಾಲದಲ್ಲಿ ಎಷ್ಟೋ ಹೋರಿಗಳನ್ನು ಪಳಗಿಸಿ ನೊಗಕ್ಕೆ ಹೂಡಿದವರು. ನಾನು ಬೊಮ್ಮನ ಹಗ್ಗ ಜಗ್ಗುತ್ತ ಬೆವರುತ್ತಿದ್ದಾಗ ಜಗುಲಿಯಿಂದಲೇ ಹೇಳಿದರು: "ತಂಗಿ, ಹಗ್ಗ ಎಳೆಯಬೇಡ, ಹಿಡಿದುಕೊಂಡಿರು. ಅದು ನಿನ್ನ ಕಡೆ ಒಂದು ಕೂದಲಿನಷ್ಟು ಬಂದರೂ ಬಿಟ್ಟುಬಿಡು. ಅದು ಕಲಿಯುವುದು ನೀನು ಹಿಡಿದಾಗ ಅಲ್ಲ, ಬಿಟ್ಟಾಗ."

ಇಡೀ ವಿದ್ಯೆಯ ತಿರುಳು ಇದೇ. ಒತ್ತಡ ಕೊಡುವುದು ಪ್ರಶ್ನೆ, ಒತ್ತಡ ಬಿಡುವುದು ಉತ್ತರ. ಸರಿಯಾದದ್ದನ್ನು ಮಾಡಿದ ಒಂದು ಸೆಕೆಂಡಿನೊಳಗೆ ಬಿಟ್ಟರೆ ಕುದುರೆ ಎರಡನ್ನೂ ಕೂಡಿಸಿಕೊಳ್ಳುತ್ತದೆ. ತಡವಾದರೆ ಆ ಹೊತ್ತಿಗೆ ಅದು ಬೇರೇನೋ ಮಾಡುತ್ತಿರುತ್ತದೆ, ಅದನ್ನೇ ಕಲಿಯುತ್ತದೆ.

ಮೊದಲ ಎರಡು ವಾರ ಏನನ್ನೂ ಕಲಿಸಬೇಡಿ. ಬೇಲಿಯೊಳಗೆ ಹೋಗಿ, ಒಂದು ಮಣೆ ಹಾಕಿ ಬೇಲಿಯ ಹತ್ತಿರ ಕುಳಿತು ಅಡಿಕೆ ಸುಲಿಯಿರಿ. ಕುದುರೆಗೆ ಸುತ್ತಲೂ ಬಹುತೇಕ ಎಲ್ಲವೂ ಕಾಣುತ್ತದೆ, ಹಣೆಯ ನೇರ ಮುಂದೆ ಸ್ವಲ್ಪ ಜಾಗ ಮತ್ತು ಬಾಲದ ನೇರ ಹಿಂದೆ ಮಾತ್ರ ಕಾಣದು. ಹಾಗಾಗಿ ಹತ್ತಿರ ಹೋಗುವಾಗ ಮಾತಾಡುತ್ತ, ಓರೆಯಾಗಿ, ಭುಜದ ಕಡೆಗೆ ಹೋಗಿ. ಅದು ತಲೆ ಎತ್ತಿ ಕಿವಿ ಬಿಗಿದರೆ ಅಲ್ಲೇ ನಿಲ್ಲಿ, ಕಿವಿ ಸಡಿಲವಾದ ಕೂಡಲೇ ತಿರುಗಿ ಹಿಂದೆ ಬನ್ನಿ. ಹತ್ತು ಸಲ ಹೀಗೆ ಮಾಡಿದರೆ ಹನ್ನೊಂದನೆಯ ಸಲ ಅದೇ ನಿಮ್ಮ ಹಿಂದೆ ಬರುತ್ತದೆ. ಹಣೆ ತಟ್ಟಬೇಡಿ, ಭುಜದ ಮೇಲಿನ ದಿಬ್ಬವನ್ನು ಬೆರಳುಗಳಿಂದ ತುರಿಸಿ. ಕುದುರೆಗಳು ತಮ್ಮತಮ್ಮಲ್ಲಿ ಸ್ನೇಹ ಹೇಳಿಕೊಳ್ಳುವುದು ಅಲ್ಲೇ ತುರಿಸಿಕೊಂಡು.

ಆಮೇಲೆ ತಲೆಗೆ ಹಾಲ್ಟರ್ ಎಂಬ ಮುಖಪಟ್ಟಿ ಹಾಕಿ, 12 ಅಡಿಯ ಹತ್ತಿಯ ಹಗ್ಗ ಕಟ್ಟಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ಮಡಿಕೆ ಮಾಡಿ ಹಿಡಿಯಿರಿ. ಕಟ್ಟುವುದಾದರೆ ಎಳೆದ ಕೂಡಲೇ ಬಿಚ್ಚಿಕೊಳ್ಳುವ ಗಂಟು ಹಾಕಿ. ತಲೆಯನ್ನು ಎಡಕ್ಕೆ ಬಾಗಿಸಲು ಹಗ್ಗವನ್ನು ಎಡಕ್ಕೆ ಹಿಡಿದು ಕಾಯಿರಿ. ಮೂಗು ಒಂದು ಅಂಗುಲ ತಿರುಗಿದರೆ ಬಿಡಿ. ಬಲಕ್ಕೂ ಅದೇ. ಕುದುರೆಗೆ ಎಡದಲ್ಲಿ ಕಲಿಸಿದ್ದನ್ನು ಬಲದಲ್ಲಿ ಹೊಸದಾಗಿಯೇ ಕಲಿಸಬೇಕು. ಇದು ಬಂದ ಮೇಲೆ ಹಿಂದಕ್ಕೆ ನಡೆಸುವುದು: ಹಗ್ಗವನ್ನು ಕುದುರೆಯ ಎದೆಯ ಕಡೆಗೆ ಒತ್ತಿ, ಭಾರ ಹಿಂದಕ್ಕೆ ಸರಿದರೂ ಸಾಕು, ಬಿಡಿ. ಮೂರನೆಯದು ಹಿಂಭಾಗವನ್ನು ಸರಿಸುವುದು: ಪಕ್ಕೆಯ ಹಿಂದೆ, ನಿಮ್ಮ ಕಾಲು ಮುಂದೊಮ್ಮೆ ತಾಗುವ ಜಾಗದಲ್ಲಿ, ಎರಡು ಬೆರಳಿನಿಂದ ಒತ್ತಿ. ಮೊದಲು ರೋಮ ಮುಟ್ಟುವಷ್ಟು, ಆಮೇಲೆ ಚರ್ಮ, ಆಮೇಲೆ ಸ್ನಾಯು. ಹಿಂಗಾಲು ಒಂದರ ಮುಂದೊಂದು ದಾಟಿದ ಕ್ಷಣ ಕೈ ತೆಗೆಯಿರಿ. ಈ ಮೂರನೆಯ ಪಾಠವನ್ನು ಅವಸರದಿಂದ ಮುಗಿಸಬೇಡಿ. ಕುದುರೆಯ ಓಟದ ಬಲವೆಲ್ಲ ಹಿಂಗಾಲಿನಲ್ಲಿದೆ. ಮುಂದೆ ಕಾಡಿನ ದಾರಿಯಲ್ಲಿ ಬೆದರಿದಾಗ ನಿಮ್ಮನ್ನು ಉಳಿಸುವುದು ಲಗಾಮಲ್ಲ, ತಲೆ ಬಾಗಿಸಿ ಹಿಂಭಾಗ ಸರಿಸುವ ಈ ಅಭ್ಯಾಸ.

ಒಂದು ಪಾಠ 15ರಿಂದ 20 ನಿಮಿಷ ಮೀರಬಾರದು. ಸರಿಯಾಗಿ ಮಾಡಿದಲ್ಲೇ ನಿಲ್ಲಿಸಿ. ಕುದುರೆ ಬಾಯಿ ಚಪ್ಪರಿಸಿ ತುಟಿ ನೆಕ್ಕಿಕೊಂಡರೆ ಅದು ನಿಮ್ಮನ್ನು ಒಪ್ಪಿಕೊಂಡಿದೆ ಎಂದು ಕೆಲವರು ಹೇಳುತ್ತಾರೆ. ನಾನು ಅದನ್ನು ಅಷ್ಟಾಗಿ ನಂಬುವುದಿಲ್ಲ. ಬಿಗಿದಿದ್ದ ಮೈ ಸಡಿಲವಾಗುತ್ತಿದೆ ಎಂದಷ್ಟೇ ಅದರ ಅರ್ಥ. ಅಂದರೆ ಅದಕ್ಕೂ ಮೊದಲು ಅದು ಬಿಗಿದಿತ್ತು ಎಂಬುದನ್ನು ನಾವು ಗಮನಿಸಬೇಕು.

ನಮ್ಮ ತೋಟದ ಹೆದರಿಕೆಗಳು

ಪೇಟೆಯ ಸವಾರಿ ಶಾಲೆಗಳಲ್ಲಿ ಪ್ಲಾಸ್ಟಿಕ್ ಚೀಲ, ಕೊಡೆ ತೋರಿಸಿ ಹೆದರಿಕೆ ಬಿಡಿಸುತ್ತಾರೆ. ನಮ್ಮಲ್ಲಿ ಹೆದರಿಕೆಗಳೇ ಬೇರೆ. ನಲವತ್ತು ಅಡಿ ಎತ್ತರದಿಂದ ಧೊಪ್ಪನೆ ಬೀಳುವ ಸೋಗೆ, ಹುಲ್ಲು ಕತ್ತರಿಸುವ ಯಂತ್ರದ ಸದ್ದು, ಮರದಿಂದ ಮರಕ್ಕೆ ಹಾರುವ ಮುಸುವಗಳು, ಎಲ್ಲಕ್ಕಿಂತ ಹೆಚ್ಚಾಗಿ ಮಳೆಗೆ ತಲೆಯಿಂದ ಹೊದೆಯುವ ಕಂಬಳಿಕೊಪ್ಪೆ. ದಿನವೂ ನೋಡುವ ಮನುಷ್ಯನೇ ಕೊಪ್ಪೆ ಹಾಕಿಕೊಂಡರೆ ಕುದುರೆಗೆ ಅವನು ಬೇರೆ ಪ್ರಾಣಿ.

ಬೊಮ್ಮನಿಗೆ ಇದನ್ನು ಬಿಡಿಸಿದ್ದು ಹೀಗೆ. ಮೊದಲ ದಿನ ಕೊಪ್ಪೆಯನ್ನು ಬೇಲಿಯಾಚೆ ಮೂವತ್ತು ಅಡಿ ದೂರದಲ್ಲಿ ತೂಗಿಹಾಕಿ, ಅದು ಕಾಣುವಲ್ಲಿ ಹುಲ್ಲು ಹಾಕಿದೆವು. ಮರುದಿನ ಯಜಮಾನರು ಅದನ್ನು ಕೈಯಲ್ಲಿ ಹಿಡಿದು ಕುದುರೆಯಿಂದ ದೂರ ನಡೆದರು, ನಾನು ಬೊಮ್ಮನನ್ನು ಹಿಡಿದು ಹಿಂದೆ ಹೋದೆ. ತನ್ನಿಂದ ದೂರ ಹೋಗುವ ವಸ್ತುವಿಗೆ ಕುದುರೆ ಹೆದರುವುದಿಲ್ಲ, ಕುತೂಹಲದಿಂದ ಹಿಂಬಾಲಿಸುತ್ತದೆ. ನಾಲ್ಕನೆಯ ದಿನ ಅದೇ ಮೂಗು ಚಾಚಿ ಮೂಸಿತು. ಆಮೇಲೆ ಭುಜಕ್ಕೆ ಒಂದು ಸಲ ತಾಗಿಸಿ, ಅದು ಸರಿಯುವ ಮೊದಲೇ ತೆಗೆದೆವು. ಹೆದರಿ ಸರಿಯುತ್ತಿರುವಾಗ ತೆಗೆದರೆ ಸರಿಯುವುದೇ ಸರಿಯಾದ ಉತ್ತರ ಎಂದಾಗುತ್ತದೆ. ತಪ್ಪಿ ಅದು ಸರಿದರೆ ಅದರ ಜೊತೆಯೇ ಸಾಗಿ, ನಿಂತಾಗ ತೆಗೆಯಿರಿ. ಹತ್ತನೆಯ ದಿನ ಮಳೆಯಲ್ಲೇ ಕೊಪ್ಪೆ ಹಾಕಿಕೊಂಡು ಲದ್ದಿ ಬಾಚಿದೆವು, ಬೊಮ್ಮ ಹುಲ್ಲು ತಿನ್ನುತ್ತಲೇ ಇತ್ತು. ಕಾಲು ಕಟ್ಟಿಹಾಕಿ ಹೆದರಿಕೆ ಬಿಡಿಸುವವರನ್ನು ನೋಡಿದ್ದೇನೆ. ಅಂಥ ಕುದುರೆ ಸುಮ್ಮನಾಗುವುದು ಧೈರ್ಯದಿಂದಲ್ಲ, ಆಸೆ ಬಿಟ್ಟು.

ಜೀನು ಮತ್ತು ಮೊದಲ ಸವಾರಿ

ಮರಿಯಿಂದ ಬೆಳೆಸಿದ ಕುದುರೆಯಾದರೆ ನಾಲ್ಕು ವರ್ಷಕ್ಕೆ ಮೊದಲು ಬೆನ್ನಿಗೆ ಭಾರ ಹಾಕಬೇಡಿ. ಬೆನ್ನೆಲುಬಿನ ಬೆಳವಣಿಗೆ ಮುಗಿಯಲು ಐದಾರು ವರ್ಷ ಹಿಡಿಯುತ್ತದೆ. ಜೀನು ಮತ್ತು ಸವಾರ ಸೇರಿ ಕುದುರೆಯ ತೂಕದ ಶೇಕಡಾ 20 ಮೀರಬಾರದು. 350 ಕಿಲೋ ಕುದುರೆಗೆ 70 ಕಿಲೋ, ಹತ್ತು ಕಿಲೋ ಜೀನು ಕಳೆದರೆ ಸವಾರ 60 ಕಿಲೋ. ನಮ್ಮ ಮನೆಯಲ್ಲಿ ಯಜಮಾನರು ಈ ಕಾರಣದಿಂದಲೇ ಸವಾರಿ ಮಾಡುವುದಿಲ್ಲ.

ಮೊದಲು ಗೋಣಿಚೀಲ ಮಡಚಿ ಬೆನ್ನಿಗೆ ಹಾಕಿ, ತೆಗೆಯಿರಿ, ಹಾಕಿ. ಆಮೇಲೆ ಜೀನು. ಹೊಟ್ಟೆಪಟ್ಟಿಯನ್ನು ಮೂರು ಕಂತಿನಲ್ಲಿ ಬಿಗಿಯಿರಿ, ನಡುನಡುವೆ ನಾಲ್ಕು ಹೆಜ್ಜೆ ನಡೆಸಿ. ಜೀನು ಬೆನ್ನೆಲುಬನ್ನು ಎಲ್ಲೂ ಒತ್ತಬಾರದು, ಹಿಂದಿನಿಂದ ನೋಡಿದರೆ ನಡುವೆ ಬೆಳಕು ಕಾಣಬೇಕು. ಜೀನು ಹೊತ್ತು ಒಂದು ವಾರ ಬೆಟ್ಟದ ದಾರಿಯಲ್ಲಿ ನಿಮ್ಮ ಪಕ್ಕದಲ್ಲೇ ನಡೆಯಲಿ.

ಹತ್ತುವ ದಿನ ಎತ್ತರದ ಕಲ್ಲಿನ ಪಕ್ಕ ನಿಲ್ಲಿಸಿ. ಒಬ್ಬರು ಹಗ್ಗ ಹಿಡಿದಿರಲಿ. ಬೆನ್ನ ಮೇಲೆ ಹೊಟ್ಟೆಯಿಟ್ಟು ಅಡ್ಡ ಮಲಗಿ, ಇಳಿಯಿರಿ. ಮೂರು ದಿನ ಅಷ್ಟೇ. ಆಮೇಲೆ ಕುಳಿತು, ತುರಿಸಿ, ಇಳಿಯಿರಿ. ಕುಳಿತ ಮೇಲೆ ಮೊದಲು ಕೇಳಬೇಕಾದದ್ದು ಮುಂದೆ ನಡೆಯುವುದಲ್ಲ, ನೆಲದಲ್ಲಿ ಕಲಿತದ್ದೇ: ಮೂಗು ಎಡಕ್ಕೆ, ಬಲಕ್ಕೆ, ಹಿಂಗಾಲು ಪಕ್ಕಕ್ಕೆ. ಬೆರಳಿನ ಜಾಗದಲ್ಲಿ ಈಗ ನಿಮ್ಮ ಕಾಲು. ಕುದುರೆ ಅದನ್ನು ಗುರುತಿಸಿ ಕಾಲು ದಾಟಿಸಿದ ಕ್ಷಣದ ಸಂತೋಷವನ್ನು ನಾನು ಬರೆದು ತಿಳಿಸಲಾರೆ. ತಲೆಗೆ ಹೆಲ್ಮೆಟ್, ಕಾಲಿಗೆ ಹಿಮ್ಮಡಿಯಿರುವ ಬೂಟು ಯಾವಾಗಲೂ ಇರಬೇಕು, ಚಪ್ಪಲಿಯಲ್ಲಿ ರಿಕಾಪಿಗೆ ಕಾಲಿಡಬೇಡಿ. ಮಕ್ಕಳು ಆರು ತಿಂಗಳು ಲದ್ದಿ ಬಾಚಿ, ಗೊರಸು ಕೆರೆದ ಮೇಲೆಯೇ ಹತ್ತಲಿ.

ಕಾರವಾರ, ಗೋಕರ್ಣದ ಕಡಲತೀರದಲ್ಲಿ ಓಡಿಸುವ ಆಸೆಯಿದ್ದವರಿಗೆ ಒಂದು ಮಾತು. ಒಣ ಮರಳು ಸ್ನಾಯುರಜ್ಜುಗಳನ್ನು ಕಿತ್ತುಹಾಕುತ್ತದೆ. ಇಳಿತದ ಹೊತ್ತಿನಲ್ಲಿ ನೀರಿನಂಚಿನ ಗಟ್ಟಿ ಮರಳಿನ ಮೇಲೆ, ಬೆಳಗ್ಗೆ ಬೇಗ, ನಡಿಗೆಯಲ್ಲೇ ಶುರುಮಾಡಿ. ಚಳಿಗಾಲದಲ್ಲಿ ಆಮೆಗಳು ಮೊಟ್ಟೆಯಿಡುವ ಜಾಗಗಳಿಂದ ದೂರವಿರಿ.

ಲದ್ದಿ ತೋಟಕ್ಕೆ

ಒಂದು ಕುದುರೆ ದಿನಕ್ಕೆ 12ರಿಂದ 18 ಕಿಲೋ ಲದ್ದಿ ಹಾಕುತ್ತದೆ. ಹಸುವಿನ ಸಗಣಿಯಂತೆ ಅದನ್ನು ಹಸಿಯಾಗಿ ಅಡಿಕೆ ಬುಡಕ್ಕೆ ಹಾಕಬೇಡಿ. ಅದು ಬಿಸಿಯೇಳುತ್ತದೆ, ಜೀರ್ಣವಾಗದ ಹುಲ್ಲಿನ ಬೀಜಗಳು ಅದರಲ್ಲಿ ಉಳಿದಿರುತ್ತವೆ. ಸೊಪ್ಪಿನ ಜೊತೆ ಪದರ ಪದರವಾಗಿ ಎದೆಯೆತ್ತರ ರಾಶಿ ಹಾಕಿ, ಮಳೆಗೆ ಮುಚ್ಚಿ, ಎರಡು ಮೂರು ಸಲ ಮಗುಚಿ. ಒಳಗಿನ ಬಿಸಿ 55 ಡಿಗ್ರಿ ದಾಟಿದರೆ ಕಳೆಬೀಜವೂ ಹುಳುವಿನ ಮೊಟ್ಟೆಯೂ ಸಾಯುತ್ತವೆ. ಜಂತುಹುಳುವಿಗೆ ಐವರ್ಮೆಕ್ಟಿನ್ ಕೊಟ್ಟ ಮೇಲೆ ಕೆಲವು ವಾರ ಲದ್ದಿಯನ್ನು ಬೇಣದಲ್ಲಿ ಬಿಡದೆ ಬೇರೆ ರಾಶಿ ಮಾಡಿ. ಆ ಔಷಧಿ ಲದ್ದಿಯಲ್ಲಿ ಉಳಿದು ಸಗಣಿಹುಳುಗಳನ್ನು ಕೊಲ್ಲುತ್ತದೆ, ನೆಲಕ್ಕೆ ಉಸಿರಾಡಲು ದಾರಿ ಕೊರೆಯುವ ಹುಳುಗಳವು. ಲದ್ದಿ ಪರೀಕ್ಷೆ ಮಾಡಿಸಿ, ಹುಳುವಿನ ಮೊಟ್ಟೆ ಹೆಚ್ಚಿದ್ದರೆ ಮಾತ್ರ ಔಷಧಿ ಕೊಡುವುದು ಎಲ್ಲಕ್ಕಿಂತ ಒಳ್ಳೆಯ ಕ್ರಮ.

ತೋಟದೊಳಗೆ ಮಾತ್ರ ಕುದುರೆಯನ್ನು ಬಿಡಬೇಡಿ. ಮಳೆಯಲ್ಲಿ ಅದರ ಗೊರಸು ಬಸಿಗಾಲುವೆಯ ಅಂಚು ಕುಸಿಯುವಂತೆ ತುಳಿಯುತ್ತದೆ, ಮೇಲ್ಮಟ್ಟದಲ್ಲಿರುವ ಅಡಿಕೆಯ ಬೇರು ಜಜ್ಜುತ್ತದೆ. ಕೊಳೆರೋಗಕ್ಕೆಂದು ಮೈಲುತುತ್ತಿನ ಬೋರ್ಡೋ ದ್ರಾವಣ ಹೊಡೆದ ದಿನಗಳಲ್ಲಿ ಮರದಡಿಯ ಹುಲ್ಲನ್ನು ಕೊಯ್ದು ತಂದು ಹಾಕುವುದೂ ಬೇಡ.

ದಿನದ ಕೊನೆಯ ಸುತ್ತು

ಬೆಳಗಿನ ಕೆಲಸ ಹೇಗೂ ನಡೆಯುತ್ತದೆ, ಹಾಲು ಕರೆಯಲು ಎದ್ದವರೇ ಹುಲ್ಲು ಹಾಕುತ್ತಾರೆ. ತಪ್ಪಿಹೋಗುವುದು ರಾತ್ರಿಯದು. ಒಂಬತ್ತು ಗಂಟೆಗೆ ಟಾರ್ಚ್ ಹಿಡಿದು ಲಾಯಕ್ಕೆ ಹೋಗಿ. ಬೆಳಕನ್ನು ಕಣ್ಣಿಗಲ್ಲ, ನೆಲಕ್ಕೆ ಬಿಡಿ. ಸಂಜೆಯಿಂದ ಎಷ್ಟು ರಾಶಿ ಲದ್ದಿ ಬಿದ್ದಿದೆ ಎಂದು ಎಣಿಸಿ, ಒಂದೂ ಇಲ್ಲದಿದ್ದರೆ ಪಕ್ಕೆಗೆ ಕಿವಿಯಿಟ್ಟು ಕರುಳಿನ ಸದ್ದು ಕೇಳಿ. ಬಕೆಟ್ಟಿನ ನೀರು ಎಷ್ಟು ಇಳಿದಿದೆ ನೋಡಿ. ನಾಲ್ಕೂ ಕಾಲುಗಳ ಕೆಳಭಾಗದ ಮೇಲೆ ಕೈಯಾಡಿಸಿ, ಒಂದು ಕಾಲು ಮಾತ್ರ ಬಿಸಿಯಿದ್ದರೆ ನಾಳೆ ಸವಾರಿ ಇಲ್ಲ. ಕೊನೆಯ ಹೊರೆ ಹುಲ್ಲು ಹಾಕಿ, ಅದು ತಲೆ ತಗ್ಗಿಸಿ ಅಗಿಯಲು ಶುರುಮಾಡುವವರೆಗೆ ನಿಂತು, ಆಮೇಲೆ ದಣಪೆಯ ಕೊಕ್ಕೆ ಹಾಕಿ ಬನ್ನಿ.